ಗರ್ಭಿಣಿಯರಿಗೆ ಝೀಕಾ ಸೋಂಕು: ಮಗುವಿನ ಮಿದುಳಿಗೆ ಅಪಾಯವೇಕೆ?

ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಝೀಕಾ ವೈರಸ್ಸನ್ನೂ ಹರಡುತ್ತದೆ. ಸೋಂಕಿತರಲ್ಲಿ ಹೆಚ್ಚಿನವರಿಗೆ ಲಕ್ಷಣಗಳೇ ಇರುವುದಿಲ್ಲ. ಇದ್ದರೂ ಸಣ್ಣ ಜ್ವರ, ದದ್ದು, ಕೆಂಗಣ್ಣು, ಕೀಲುನೋವು ಅಷ್ಟೇ. ಆದರೆ ಗರ್ಭಿಣಿಯರಿಗೆ ಇದು ಸಾಧಾರಣ ಜ್ವರವಲ್ಲ. ವೈರಸ್ ಮಾಸನ್ನು ದಾಟಿ, ಭ್ರೂಣದ ಮಿದುಳಿನಲ್ಲಿ ಮುಂದೆ ನರಕೋಶಗಳಾಗಬೇಕಾದ ಕೋಶಗಳನ್ನೇ ಕೊಲ್ಲುತ್ತದೆ. ಹೀಗಾಗಿ ಮಗು ತೀರಾ ಚಿಕ್ಕ ತಲೆಯೊಂದಿಗೆ ಹುಟ್ಟಬಹುದು. ಇದೇ ಮೈಕ್ರೊಸೆಫಲಿ. ದೃಷ್ಟಿ, ಶ್ರವಣ ದೋಷಗಳೂ ಕಾಡಬಹುದು. ಮೊದಲ ಮೂರು ತಿಂಗಳಲ್ಲಿ ಸೋಂಕು ತಗುಲಿದರೆ ಅಪಾಯ ಹೆಚ್ಚು.

ಈ ನಂಟು ಬಯಲಾದದ್ದು 2015ರಲ್ಲಿ, ಬ್ರೆಜಿಲ್‌ನಲ್ಲಿ. 2024ರಲ್ಲಿ ಪುಣೆಯ ಗರ್ಭಿಣಿಯರಲ್ಲೂ ಸೋಂಕು ಪತ್ತೆಯಾಗಿತ್ತು. ಸೋಂಕಿತ ತಾಯಂದಿರೆಲ್ಲರ ಮಕ್ಕಳಿಗೂ ತೊಂದರೆಯಾಗದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಶೇ 5ರಿಂದ 15ರಷ್ಟು. ಲಸಿಕೆಯಿಲ್ಲ. ಸೋಂಕು ದೃಢಪಟ್ಟರೆ ಸ್ಕ್ಯಾನಿಂಗ್ ಮೂಲಕ ಭ್ರೂಣದ ಬೆಳವಣಿಗೆಯ ಮೇಲೆ ಕಣ್ಣಿಡಬೇಕು. ಲೈಂಗಿಕ ಸಂಪರ್ಕದಿಂದಲೂ ಇದು ಹರಡುವುದರಿಂದ ಪತಿಯೂ ಎಚ್ಚರ ವಹಿಸಬೇಕು. ಈ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ರಾತ್ರಿಯ ಸೊಳ್ಳೆಪರದೆಯೊಂದೇ ಸಾಲದು.