ನಮ್ಮ ಮನಃಶಾಸ್ತ್ರದ ಮೇಷ್ಟ್ರು, ನಮ್ಮ ಆಕಾಶವಾಣಿ

ಬಿ.ಎ.ಗೆ ಮನಃಶಾಸ್ತ್ರ ತಗೊಂಡಾಗ ಅಪ್ಪ ಕೇಳಿದ್ದು ಒಂದೇ ಮಾತು: "ಅದರಿಂದ ಯಾರಿಗೇನು ಉಪಯೋಗವೋ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾಲೇಜಿನಲ್ಲಿ ಉರು ಹೊಡೆದದ್ದು 1879ರಲ್ಲಿ ಲೈಪ್‌ಜಿಗ್‌ನಲ್ಲಿ ವುಂಟ್ ತೆರೆದ ಪ್ರಯೋಗಾಲಯ, 1885ರಲ್ಲಿ ಎಬ್ಬಿಂಗ್‌ಹೌಸ್ ಬರೆದ ನೆನಪಿನ ಪುಸ್ತಕ. ಪ್ರಾಕ್ಟಿಕಲ್‌ನಲ್ಲಿ ಗೆಳೆಯನಿಗೆ ಅರ್ಥವಿಲ್ಲದ ಅಕ್ಷರಗುಚ್ಛ ಬಾಯಿಪಾಠ ಮಾಡಿಸಿ ಸ್ಟಾಪ್‌ವಾಚ್ ಹಿಡಿದು ಕೂರುತ್ತಿದ್ದೆ. ಮನಃಶಾಸ್ತ್ರ ಅಂದರೆ ಎಲ್ಲಾ ಜರ್ಮನಿಯದ್ದೇ ಅಂದುಕೊಂಡಿದ್ದೆ.

ಪದವಿ ಮುಗಿದು ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು, ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಗಿತ್ತು ಅಂತ. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. ಇದೇ ಮೇಷ್ಟ್ರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ನಿಲಯ ಆರಂಭಿಸಿದರು. ಅದರ ಹೆಸರು 'ಆಕಾಶವಾಣಿ'! ಸ್ವಾತಂತ್ರ್ಯ ಬಂದ ಮೇಲೆ ಆಲ್ ಇಂಡಿಯಾ ರೇಡಿಯೋಗೂ ಅದೇ ಹೆಸರಾಯಿತು.

ಬೆಳಿಗ್ಗೆ ಅಪ್ಪ ರೇಡಿಯೋ ಹಚ್ಚುತ್ತಿದ್ದರು, ಪಕ್ಕದಲ್ಲೇ ಕೂತು ನಾನು ಪ್ರಾಕ್ಟಿಕಲ್ ರೆಕಾರ್ಡ್ ಬರೆಯುತ್ತಿದ್ದೆ. ಅವರ ಪ್ರಶ್ನೆಗೆ ಉತ್ತರ ಆ ಪೆಟ್ಟಿಗೆಯೊಳಗೇ ಇತ್ತು. ಪಠ್ಯದಲ್ಲಿ ಇರಲಿಲ್ಲ, ನಾನೂ ಹುಡುಕಲಿಲ್ಲ.

ಈಗ ಗೊತ್ತಿದೆ. ಹೇಳೋಣವೆಂದರೆ ಅಪ್ಪ ಇಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ನೀವು ಓದಿದ ವಿಷಯವನ್ನು ನಮ್ಮೂರಲ್ಲಿ ಮೊದಲು ಕಲಿಸಿದವರು ಯಾರು, ಗೊತ್ತೇ?