ಅಗ್ಗದ ಡೇರೆಯೂ ಮಳೆಯ ಪರೀಕ್ಷೆಯೂ

ಅಗ್ಗವೆಂದು ಮುಗ್ಗಿದ ಜೋಳವನ್ನು ಕೊಳ್ಳಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬೆಲೆ ಕಡಿಮೆಯಾದುದೆಲ್ಲ ಆಪತ್ಕಾಲದಲ್ಲಿ ಕೈಬಿಡುವುದೆಂಬ ಭಾವನೆ ಇದರಿಂದ ಹುಟ್ಟುವುದು ಸಹಜ. ಆದರೆ ಈ ಮಾತು ಎಲ್ಲೆಡೆಯೂ ಸಲ್ಲುವುದೇ? ಬಯಲಿನಲ್ಲಿ ಬೀಡುಬಿಟ್ಟು ಮಳೆಗಾಳಿಗಳನ್ನು ಸಹಿಸಬೇಕಾದವರ ಉಡುಪು, ಹೊದಿಕೆ, ಡೇರೆಗಳ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರವೀಯುವ ಪ್ರಕರಣವೊಂದು 1861ರಿಂದ 1865ರವರೆಗೆ ನಡೆದ ಅಮೆರಿಕಾದ ಅಂತರ್ಯುದ್ಧದ ಇತಿಹಾಸದಲ್ಲಿ ದೊರೆಯುತ್ತದೆ.

1861ರ ಏಪ್ರಿಲ್ ತಿಂಗಳಲ್ಲಿ ಅಧ್ಯಕ್ಷ ಲಿಂಕನ್ನನು 75,000 ಮಂದಿ ಸೈನಿಕರಿಗಾಗಿ ಕರೆಯಿತ್ತನು. ಅಷ್ಟು ಜನರಿಗೆ ಬೇಕಾದ ಉಡುಪಾಗಲಿ ಹೊದಿಕೆಯಾಗಲಿ ಉಗ್ರಾಣಗಳಲ್ಲಿರಲಿಲ್ಲ. ಅವಸರದಲ್ಲಿ ಗುತ್ತಿಗೆದಾರರ ಮೊರೆಹೊಗಬೇಕಾಯಿತು. ಅವರಲ್ಲಿ ಅನೇಕರು ತಂದೊಪ್ಪಿಸಿದುದು ‘ಶಾಡಿ’ ಎಂಬ ಬಟ್ಟೆ. ಹಳೆಯ ಉಣ್ಣೆಯ ಚಿಂದಿಗಳನ್ನು ಎಳೆಯೆಳೆಯಾಗಿ ಬಿಡಿಸಿ, ಹೊಸ ಉಣ್ಣೆಯೊಡನೆ ಬೆರೆಸಿ ನೂಲುವ ಈ ಕ್ರಮವನ್ನು ಇಂಗ್ಲೆಂಡಿನ ಯಾರ್ಕ್‌ಷೈರಿನ ಬ್ಯಾಟ್ಲಿ ಊರಿನಲ್ಲಿ ಬೆಂಜಮಿನ್ ಲಾ ಎಂಬವನು 1813ರ ಸುಮಾರಿಗೆ ಬಳಕೆಗೆ ತಂದಿದ್ದನು. ಹೊಸ ಉಣ್ಣೆಯನ್ನು ತಕ್ಕಷ್ಟು ಬೆರೆಸಿದರೆ ಅದು ಬಡವರ ಚಳಿಯನ್ನು ಕಳೆಯುವ ಪ್ರಾಮಾಣಿಕವಾದ ಬಟ್ಟೆಯೇ. ಆದರೆ ಲಾಭಕೋರರು ಅಂಗಡಿಯ ಕಸವನ್ನೂ ಕುಟ್ಟಿ, ಅಂಟು ಬಳಿದು, ಒತ್ತಿ ನಯಗೊಳಿಸಿ, ಉತ್ತಮ ಉಣ್ಣೆಯ ಬೆಲೆಗೆ ಮಾರಿದರು. ಚಿಂದಿಯ ಎಳೆಗಳು ಗಿಡ್ಡವಾದುವು. ಅವನ್ನು ಹಿಡಿದಿಟ್ಟಿದ್ದುದು ಅಂಟು. ಅಂಟಿನ ಹಗೆ ನೀರು. ಮಳೆ ಬೀಳುತ್ತಲೇ ಸೈನಿಕನ ಅಂಗಿ ಮೈಮೇಲೆಯೇ ಬಿಡಿಬಿಡಿಯಾಯಿತು. ಅಂದಿನಿಂದ ಆ ಬಟ್ಟೆಯ ಹೆಸರು ಇಂಗ್ಲಿಷಿನಲ್ಲಿ ಕಳಪೆ ಎಂಬುದಕ್ಕೆ ಪರ್ಯಾಯಪದವಾಗಿ ನಿಂತಿದೆ.

ಇದೇ ಸೈನ್ಯಕ್ಕೆ ಇನ್ನೊಂದು ಅಗ್ಗದ ವಸ್ತುವೂ ದೊರೆತಿತು. ಯುದ್ಧದ ಆದಿಯಲ್ಲಿ ಸಿಬ್ಲಿ ಎಂಬ ಅಧಿಕಾರಿಯು 1856ರಲ್ಲಿ ಹಕ್ಕುಪತ್ರ ಪಡೆದಿದ್ದ ದೊಡ್ಡ ಗೋಪುರಾಕಾರದ ಡೇರೆಗಳಿದ್ದುವು. ಹನ್ನೆರಡು ಮಂದಿ ಅದರೊಳಗೆ ಸುಖವಾಗಿ ಮಲಗಬಹುದಾಗಿತ್ತು. ಆದರೆ ಅದು ಬೆಲೆಯುಳ್ಳದ್ದು, ಭಾರವಾದುದು. ಸಾಗಿಸಲು ಬಂಡಿಗಳೇ ಬೇಕು. ಮಳೆಗೆ ಬಾಗಿಲು ಮುಚ್ಚಿದರೆ ಒಳಗಣ ಗಾಳಿ ಕೆಡುವುದು. 1862ರಿಂದ ನಡೆಯುವ ಸೈನ್ಯಕ್ಕೆ ಇದರ ಬದಲಾಗಿ ಬಂದದ್ದು ಒಂದು ತುಂಡು ಹತ್ತಿಯ ಬಟ್ಟೆ. ಪ್ರತಿಯೊಬ್ಬ ಸೈನಿಕನೂ ಒಂದು ತುಂಡನ್ನು ಹೊರುವನು. ಇಬ್ಬರು ತಮ್ಮ ತುಂಡುಗಳನ್ನು ಗುಂಡಿಗಳಿಂದ ಜೋಡಿಸಿ, ಎರಡು ಕೋಲುಗಳ ಮೇಲೆ ಹರಡಿದರೆ ಅದೇ ಡೇರೆ. ಸೈನಿಕರು ಇದನ್ನು ನಾಯಿಗೂಡೆಂದು ಹಾಸ್ಯಮಾಡಿದರು. ಅದರ ತುದಿಗಳು ತೆರೆದಿದ್ದುವು. ಬಿರುಮಳೆಯಲ್ಲಿ ತುಂತುರು ಒಳಸೇರುತ್ತಿದ್ದಿತು.

ಆದರೂ ಆ ನಾಯಿಗೂಡು ಯುದ್ಧ ಮುಗಿಯುವವರೆಗೂ ಸೈನ್ಯವನ್ನು ಕಾಪಾಡಿತು. ಏಕೆಂದರೆ ಅದರ ಕುಂದು ಬಯಲಾಗಿದ್ದಿತು. ಸೈನಿಕರು ತಮಗೆ ಕೊಟ್ಟಿದ್ದ ರಬ್ಬರು ಬಳಿದ ಹೊದಿಕೆಯನ್ನು ಅದರ ಮೇಲೆ ಹಾಸಿದರು, ಇಲ್ಲವೆ ಕೆಳಗೆ ಹರಡಿ ನೆಲದ ತೇವವನ್ನು ತಡೆದರು. ಸುತ್ತಲೂ ಕಾಲುವೆ ತೋಡಿ ನೀರನ್ನು ಹರಿಯಗೊಟ್ಟರು. ಚಳಿಗಾಲದಲ್ಲಿ ಮರದ ದಿಮ್ಮಿಗಳ ಗೋಡೆ ಕಟ್ಟಿ, ಅದೇ ಬಟ್ಟೆಯನ್ನು ಛಾವಣಿಯಾಗಿ ಹೊದಿಸಿದರು. ಮುಂಚಿತವಾಗಿ ತಿಳಿದ ದೋಷಕ್ಕೆ ಉಪಾಯವುಂಟು. ಅಂಟಿನ ಮೆರುಗಿನಡಿಯಲ್ಲಿ ಅಡಗಿದ ದೋಷವಾದರೋ ಮಳೆಯಲ್ಲಿ ನಡುದಾರಿಯಲ್ಲಿಯೇ ಕಾಣಿಸಿಕೊಳ್ಳುವುದು.

ಅಮೆರಿಕಾದ ಶಾಸನಸಭೆಯೂ ಈ ಭೇದವನ್ನು ಮನಗಂಡಿತೆನ್ನಬಹುದು. 1861ರಲ್ಲಿಯೇ ಗುತ್ತಿಗೆಗಳ ವಿಚಾರಣೆಗೆ ಸಮಿತಿಯೊಂದು ಏರ್ಪಟ್ಟಿತು. 1863ರ ಮಾರ್ಚ್ 2ರಂದು ಅಂಗೀಕೃತವಾದ ಶಾಸನವು ಅಗ್ಗದ ಸರಕನ್ನು ನಿಷೇಧಿಸಲಿಲ್ಲ. ಸುಳ್ಳು ಹೇಳಿ ಸರಕಾರದಿಂದ ಹಣ ಪಡೆದವನಿಂದ ನಷ್ಟದ ಇಮ್ಮಡಿಯನ್ನೂ 2,000 ಡಾಲರು ದಂಡವನ್ನೂ ವಸೂಲುಮಾಡಿ, ಮೋಸವನ್ನು ನ್ಯಾಯಾಲಯಕ್ಕೆ ತಂದ ಸಾಮಾನ್ಯ ಪ್ರಜೆಗೆ ಅದರಲ್ಲಿ ಅರ್ಧವನ್ನು ಕೊಡಿಸಿತು. ತಿದ್ದುಪಡಿಗಳೊಡನೆ ಆ ಶಾಸನವು ಇಂದಿಗೂ ಜಾರಿಯಲ್ಲಿದೆ.

ಮಿತವ್ಯಯವು ಗೃಹಸ್ಥನಿಗೂ ರಾಜ್ಯಕ್ಕೂ ಭೂಷಣವೇ. ಆದರೆ ಬಯಲಿಗೆ ಹೊರಡುವವನು ಬೆಲೆಯನ್ನು ಕೇಳುವಾಗಲೇ, ಈ ವಸ್ತುವು ಮಳೆಯಲ್ಲಿ ಎಲ್ಲಿ ಸೋಲುವುದೆಂಬುದನ್ನೂ ಕೇಳಿ ತಿಳಿಯತಕ್ಕದ್ದು. ಅದನ್ನು ಹೇಳಲೊಲ್ಲದ ವ್ಯಾಪಾರಿಯ ಸರಕು ಎಷ್ಟು ಅಗ್ಗವಾದರೂ ದುಬಾರಿಯೇ ಸರಿ.