ರಾಜ್ಯ ಒಂದು, ಭಾಷೆ ಹಲವು: ಮಿಲ್, ಆಕ್ಟನ್, ಅಂಬೇಡ್ಕರ್

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಭಾಷಾವಾರು ರಾಜ್ಯಗಳು ಹುಟ್ಟಿದ ದಿನವೇ ಗಡಿನಾಡಿನ ನಾವು ಭಾಷಾ ಅಲ್ಪಸಂಖ್ಯಾತರಾದೆವು. ಒಂದೇ ಆಡಳಿತದ ಕೆಳಗೆ ಹಲವು ಭಾಷೆಯವರು ಸಮಾನರಾಗಿ ಬಾಳಬಹುದೇ? ಈ ಪ್ರಶ್ನೆಗೆ ಮೂವರು ಚಿಂತಕರು ಕೊಟ್ಟ ಉತ್ತರಗಳನ್ನು ಹೋಲಿಸಿ ನೋಡೋಣ.

ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ಪ್ರಾತಿನಿಧಿಕ ಸರಕಾರದ ಕುರಿತು ಗ್ರಂಥ ಬರೆದರು. ಜನರು ಬೇರೆ ಬೇರೆ ಭಾಷೆಯಲ್ಲಿ ಓದಿ ಮಾತಾಡುವಲ್ಲಿ ಒಂದು ಸಾರ್ವಜನಿಕ ಅಭಿಪ್ರಾಯ ಬೆಳೆಯಲಾರದು, ಅದಿಲ್ಲದೆ ಪ್ರಜಾಸತ್ತೆ ನಡೆಯುವುದು ಬಹಳ ಕಷ್ಟ ಎಂಬುದು ಅವರ ವಾದ. ಒಬ್ಬರ ಪತ್ರಿಕೆ ಇನ್ನೊಬ್ಬರನ್ನು ತಲುಪದಿದ್ದರೆ ಚರ್ಚೆಯಾದರೂ ಎಲ್ಲಿ ನಡೆದೀತು? ಈ ಮಾತಿನಲ್ಲಿ ಸತ್ಯವಿದೆ. ಆದರೆ ಫ್ರಾನ್ಸಿನ ಬ್ರೆಟನ್, ಬಾಸ್ಕ್ ಜನರಂಥ ಸಣ್ಣ ಸಮುದಾಯಗಳು ದೊಡ್ಡ ಜನಾಂಗದಲ್ಲಿ ಕರಗುವುದೇ ಲಾಭ ಎಂದೂ ಅವರು ಬರೆದರು. ಕರಗಬೇಕಾದವರ ಕಡೆಯಿಂದ ನೋಡಿದರೆ ಆ ಲಾಭದ ಬೆಲೆ ಎಷ್ಟೆಂದು ನಮಗೆ ಗೊತ್ತು. ಜನಾಂಗಗಳು ಬಿಡಿಸಲಾರದಷ್ಟು ಬೆರೆತಿರುವ ಹಂಗೆರಿಯಂಥ ಕಡೆ ಸಮಾನ ಹಕ್ಕಿನಿಂದ ಕೂಡಿ ಬಾಳುವುದೇ ದಾರಿ ಎಂದು ಮಿಲ್ ಒಪ್ಪಿದ್ದರು. ಗಡಿನಾಡಿಗೆ ಹೊಂದುವುದು ಈ ಮಾತು.

ಮರುವರ್ಷವೇ, 1862ರಲ್ಲಿ, ಇತಿಹಾಸಕಾರ ಆಕ್ಟನ್ ಇದಕ್ಕೆ ಎದುರಾದ ವಾದ ಮಂಡಿಸಿದರು. ರಾಜ್ಯವನ್ನೂ ಒಂದು ಜನಾಂಗವನ್ನೂ ಸಮ ಮಾಡಿದರೆ ಅಲ್ಲಿರುವ ಉಳಿದವರು ಅಧೀನರಾಗುತ್ತಾರೆ. ಹಲವು ಜನಾಂಗಗಳು ಒಟ್ಟಿಗಿರುವುದೇ ಸ್ವಾತಂತ್ರ್ಯದ ಒರೆಗಲ್ಲು ಎಂದರು. ಅಪಾಯವನ್ನು ಅವರು ಸರಿಯಾಗಿಯೇ ಗುರುತಿಸಿದ್ದರು. ಆದರೆ ಅವರು ಮಾದರಿಯಾಗಿ ಕಂಡದ್ದು ಬ್ರಿಟನ್, ಆಸ್ಟ್ರಿಯಾಗಳಂಥ ಸಾಮ್ರಾಜ್ಯಗಳನ್ನು. ದೊರೆಯ ಕೃಪೆಯಿಂದ ಬಂದ ಹಕ್ಕು ದೊರೆ ಬದಲಾದರೆ ಉಳಿದೀತೇ?

ಡಾ. ಬಿ. ಆರ್. ಅಂಬೇಡ್ಕರ್ 1955ರಲ್ಲಿ, ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಬಂದ ಮೇಲೆ, ಭಾಷಾವಾರು ರಾಜ್ಯಗಳ ಬಗ್ಗೆ ಕಿರುಗ್ರಂಥ ಬರೆದರು. ಒಂದೇ ಭಾಷೆಯ ರಾಜ್ಯದಲ್ಲಿ ಪ್ರಜಾಪ್ರಭುತ್ವ ಸುಲಭವಾಗಿ ನಡೆಯುತ್ತದೆ ಎಂದು ಮಿಲ್‌ರಂತೆ ಅವರೂ ಒಪ್ಪಿದರು. ಆದರೆ ಒಂದು ಭಾಷೆಯವರೆಲ್ಲ ಒಂದೇ ರಾಜ್ಯದಲ್ಲಿರಬೇಕು ಎಂಬುದನ್ನು ಒಪ್ಪಲಿಲ್ಲ. ರಾಜ್ಯ ದೊಡ್ಡದಾದಷ್ಟೂ ಬಹುಸಂಖ್ಯಾತರ ಭಾರ ಅಲ್ಪಸಂಖ್ಯಾತರ ಮೇಲೆ ಹೆಚ್ಚು. ಆದ್ದರಿಂದ ಸಣ್ಣ ರಾಜ್ಯಗಳಿರಲಿ, ಜತೆಗೆ ಅಲ್ಪಸಂಖ್ಯಾತರಿಗೆ ಖಚಿತ ರಕ್ಷಣೆಯೂ ಇರಲಿ ಎಂದರು. ಪ್ರಾದೇಶಿಕ ಭಾಷೆಯ ಬದಲು ಹಿಂದಿಯೇ ರಾಜ್ಯಗಳ ಆಡಳಿತ ಭಾಷೆಯಾಗಲಿ ಎಂಬ ಅವರ ಸಲಹೆಯನ್ನು ಮಾತ್ರ ನಾವು ಒಪ್ಪಲಾರೆವು. ಜನರ ಮಾತು ಒಂದು, ಕಚೇರಿಯ ಮಾತು ಇನ್ನೊಂದು ಆದರೆ ಪ್ರಜಾಪ್ರಭುತ್ವ ಸುಲಭವಾಗುವುದು ಹೇಗೆ?

ಮೂವರಲ್ಲಿ ನಮಗೆ ಹೆಚ್ಚು ಹತ್ತಿರದವರು ಅಂಬೇಡ್ಕರರೇ. ಕರಗಿ ಎನ್ನದೆ, ದೊರೆಯನ್ನು ನಂಬಿ ಎಂದೂ ಹೇಳದೆ, ಅವರು ರಕ್ಷಣೆ ಕೇಳಿದರು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣ ನೀಡಲು ಪ್ರಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಆದರೆ ಅದರ ಮಾತು ಪ್ರಾಥಮಿಕ ಹಂತಕ್ಕೇ ನಿಲ್ಲುತ್ತದೆ. ಪ್ರೌಢಶಾಲೆಯ ಕನ್ನಡ ತರಗತಿ ಸರಕಾರದ ಕೃಪೆಯಾಗಿ ಉಳಿಯಬಾರದು, ಹಕ್ಕಾಗಬೇಕು. ಹಾಗೆಯೇ ಮಿಲ್‌ರ ಎಚ್ಚರಿಕೆಯನ್ನೂ ನಾವು ಮರೆಯಬಾರದು: ನೆರೆಯವರ ಪತ್ರಿಕೆ ಓದಲು, ಅವರ ಸಭೆಯಲ್ಲಿ ನಿಂತು ನಮ್ಮ ಮಾತು ಹೇಳಲು ನಮ್ಮ ಮಕ್ಕಳಿಗೆ ಮಲಯಾಳವೂ ಚೆನ್ನಾಗಿ ಬರಬೇಕು. ಕನ್ನಡದಲ್ಲಿ ಕಲಿಯುವ ಹಕ್ಕನ್ನು ಕೇಳಿ ಪಡೆಯಲಿಕ್ಕೂ ಅದು ಬೇಕು.